ನನ್ನ ಎಡಗೆನ್ನೆ, ಅವ್ವನ ಸೊಪ್ಪು

ದಿನವಿಡೀ ಕನ್ನಡಿಯ ಮುಂದೆ ನಿಂತು ಕೆಲಸ ಮಾಡುವವಳು ನಾನು. ಶಿರಾಳಕೊಪ್ಪದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಬಟ್ಟೆ ಅಂಗಡಿಯ ಮಹಡಿ ಮೇಲೆ ಒಂದು ರೂಮು, ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಹುಬ್ಬು ತೆಗೆಯುವುದು, ಫೇಶಿಯಲ್ಲು, ಮದುವೆ ಸೀಸನ್ನಿನಲ್ಲಿ ಮದುಮಗಳ ಮೇಕಪ್ಪು. ಇಷ್ಟೆಲ್ಲ ಕನ್ನಡಿ ನೋಡಿದರೂ ನನ್ನ ಮುಖ ನಾನು ನೋಡಿಕೊಳ್ಳುವುದು ಕಮ್ಮಿ. ಕಣ್ಣೆಲ್ಲ ಕುರ್ಚಿಯಲ್ಲಿ ಕೂತವರ ಹುಬ್ಬಿನ ಮೇಲೆಯೇ ಇರುತ್ತದೆ. ಹಾಗಾಗಿ ಮೊದಲು ಕಂಡದ್ದು ನನಗಲ್ಲ. ಹುಬ್ಬು ತೆಗೆಸಲು ಬಂದಿದ್ದ ಅಂಗನವಾಡಿ ಟೀಚರ್ ಒಬ್ಬರು, ಉರಿಗೆ ಮುಚ್ಚಿಕೊಂಡಿದ್ದ ಕಣ್ಣು ಬಿಟ್ಟು, ಕನ್ನಡಿಯಲ್ಲಿ ನನ್ನನ್ನೇ ನೋಡಿದರು.

"ಸುಮಕ್ಕ, ಎಡಗಡೆ ಹಲ್ಲು ತೆಗೆಸಿದ್ರೇನ್ರೀ? ಕೆನ್ನೆ ಒಳಗೆ ಹೋಗೇತಲ್ಲ."

ಹಲ್ಲು ತೆಗೆಸಿರಲಿಲ್ಲ.

"ಆ ಕಡೆ ಜಗಿಯಲ್ರೀ ನಾನು, ಅದಕ್ಕೇ ಇರಬೇಕು" ಎಂದು ಏನೋ ಒಂದು ಹೇಳಿ ದಾರ ಬಾಯಿಗೆ ಕಚ್ಚಿಕೊಂಡೆ. ಅವರು ಹೋದ ಮೇಲೆ ಬಾಗಿಲು ಹಾಕಿ ಟ್ಯೂಬ್‌ಲೈಟಿನ ಕೆಳಗೆ ನಿಂತು ನೋಡಿದೆ. ಬಲಗೆನ್ನೆ ನನ್ನದೇ. ಎಡಗೆನ್ನೆಯಲ್ಲಿ, ಮೂಗಿನ ಪಕ್ಕದಿಂದ ದವಡೆಯವರೆಗೆ, ನಾದಿದ ಹಿಟ್ಟಿಗೆ ಹೆಬ್ಬೆರಳು ಒತ್ತಿ ತೆಗೆದಂತೆ ಒಂದು ತಗ್ಗು. ಒತ್ತಿದರೆ ನೋವಿಲ್ಲ, ಉರಿಯಿಲ್ಲ. ಯಾವಾಗ ಆಯಿತೋ ಗೊತ್ತಿಲ್ಲ. ಮರುದಿನದಿಂದ ಆ ತಗ್ಗಿಗೆ ಒಂದು ಶೇಡ್ ತಿಳಿಯಾದ ಫೌಂಡೇಶನ್ ಹಚ್ಚತೊಡಗಿದೆ. ಕಾಣದ ಹಾಗೆ ಮಾಡುವುದು ನನಗೆ ಗೊತ್ತು. ಅದೇ ನನ್ನ ಕಸುಬು.

ಹಲ್ಲಿನ ಡಾಕ್ಟರು ಹಲ್ಲು ಗಟ್ಟಿಯಾಗಿದೆ ಎಂದರು. ಮನೆ ಹತ್ತಿರದ ಡಾಕ್ಟರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಅಕ್ಕಪಕ್ಕದವರು, ಗಂಡ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ತೀರ್ಮಾನ ಮಾಡಿದರು. ಪಾಪ, ನಮ್ಮ ಮನೆಯವರು ಶಿವಕುಮಾರ್ ಶಿಕಾರಿಪುರದ ಮಾರ್ಕೆಟ್ಟಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರು. ಅಲ್ಲಿ ಹರಾಜಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುವ ಮನುಷ್ಯ. ಆ ಮಾತು ಕಿವಿಗೆ ಬಿದ್ದ ದಿನ ಮಾತ್ರ ಮೆಲ್ಲಗೆ ಕೇಳಿದರು.

"ನಾನೇನರ ಕಮ್ಮಿ ಮಾಡೀನೇನೇ?"

"ಕಮ್ಮಿ ಮಾಡಿದ್ರೆ ಎರಡೂ ಕೆನ್ನೆ ಹೋಗ್ತಿದ್ವು. ಸುಮ್ಮನೆ ಕೂತ್ಕಳ್ರೀ" ಎಂದೆ. ಇಬ್ಬರೂ ನಕ್ಕೆವು. ಅವತ್ತು ಇನ್ನೂ ನಗಲು ಬರುತ್ತಿತ್ತು.

ತಗ್ಗು ನಿಲ್ಲಲಿಲ್ಲ. ಕಣ್ಣಿನ ಕೆಳಗೆ ಏರಿತು. ತುಟಿಯ ಎಡತುದಿಯನ್ನು ಮೇಲಕ್ಕೆ ಎಳೆಯಿತು. ಬಣ್ಣಕ್ಕೆ ಅದು ಜಗ್ಗದ ಹಂತ ಬಂದಾಗ ಶಿವಮೊಗ್ಗಕ್ಕೆ ಹೋದೆವು. ಚರ್ಮದ ಡಾಕ್ಟರು, ಅಲ್ಲಿಂದ ಸ್ಕ್ಯಾನ್, ಬಯಾಪ್ಸಿ. ಕೊನೆಗೆ ಒಬ್ಬರು ಪ್ಲಾಸ್ಟಿಕ್ ಸರ್ಜನ್. ನನ್ನಷ್ಟೇ ವಯಸ್ಸಿನ ಹೆಂಗಸು, ಮುಖ ನೋಡಿ ಮಾತಾಡುವವರು. ಇಂಗ್ಲಿಷಿನಲ್ಲಿ ಉದ್ದನೆಯ ಒಂದು ಹೆಸರು ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಮುಖದ ಒಂದು ಪಕ್ಕದ ಕೊಬ್ಬು ತಾನೇ ಕರಗುವ ಕಾಯಿಲೆ. ಯಾಕೆ ಬರುತ್ತದೋ ಖಚಿತವಿಲ್ಲ. ಕೆಲವು ವರ್ಷ ನಡೆದು ಹೆಚ್ಚಿನವರಿಗೆ ತಾನೇ ನಿಲ್ಲುತ್ತದೆ. ನಿಂತ ಮೇಲೆ ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ತುಂಬಬಹುದು.

"ನಿಲ್ಲೋವರೆಗೆ?"

"ಕಾಯಬೇಕು."

ಕಾದೆ. ಮಾತ್ರೆ ನುಂಗಿದೆ, ಮುಖ ಊದಿತು, ಎಡಗೆನ್ನೆ ಬಿಟ್ಟು. ಒಂದು ಸೀಸನ್ನಿನಲ್ಲಿ ಶಿಕಾರಿಪುರದ ಕಡೆಯ ಮದುವೆಯೊಂದಕ್ಕೆ ಮೇಕಪ್ಪಿಗೆ ಒಪ್ಪಿಕೊಂಡಿದ್ದೆ. ಮದುಮಗಳ ತಾಯಿ ಪಾರ್ಲರಿಗೇ ಬಂದು, ನನ್ನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದರು. "ತಪ್ಪು ತಿಳ್ಕಬ್ಯಾಡ್ರೀ. ಹುಡುಗಿ ಮಂಗಳದ ದಿನ ಮೊದಲು ನೋಡೋ ಮುಖ... ನಮ್ಮತ್ತೆ ಒಪ್ಪಂಗಿಲ್ಲ." ಆಯ್ತು ಬಿಡ್ರೀ ಎಂದೆ. ಅವರು ಮೆಟ್ಟಿಲು ಇಳಿಯುವ ತನಕ ನಿಂತಿದ್ದೆ. ಆಮೇಲೆ ಕುರ್ಚಿಯಲ್ಲಿ ಕೂತು, ಬಾಯಿಗೆ ಬಂದದ್ದನ್ನೆಲ್ಲ ಆ ಕ್ಯಾಲೆಂಡರಿಗೆ ಬೈದೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಬಸ್ಸಿನಲ್ಲಿ, ಊಟಕ್ಕೆ, ಟಿವಿ ಮುಂದೆ, ಮಗಳು ಯಾವಾಗಲೂ ನನ್ನ ಬಲಕ್ಕೇ ಕೂರುತ್ತಿದ್ದಳು. ಅವಳಿಗೇ ಅದು ಗೊತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು.

ಕಾಯಿಲೆ ನಿಂತಿದೆ ಎಂದು ಡಾಕ್ಟರಮ್ಮ ಹೇಳಿದ ವರ್ಷವೇ ಆಪರೇಷನ್ ಆಯಿತು. ಹೊಟ್ಟೆಗೆ ಸಣ್ಣ ತೂತು ಮಾಡಿ ಕೊಳವೆಯಲ್ಲಿ ಕೊಬ್ಬು ಎಳೆದು, ಸೋಸಿ, ಸೂಜಿಯಿಂದ ಕೆನ್ನೆಯೊಳಗೆ ಎಳೆ ಎಳೆಯಾಗಿ ಇಟ್ಟರಂತೆ. ಹೊಟ್ಟೆಗೆ ಬಿಗಿಯಾದ ಪಟ್ಟಿ, ಮುಖದ ತುಂಬ ಬಾವು. ಆದರೂ ಎರಡನೆಯ ದಿನ ನರ್ಸಮ್ಮನ ಹತ್ತಿರ ಕನ್ನಡಿ ಕೇಳಿ ಇಸಿದುಕೊಂಡೆ. ಎಡಗೆನ್ನೆ ತುಂಬಿತ್ತು. ಬಲಗೆನ್ನೆಗಿಂತ ದಪ್ಪ. ಹೆರಿಗೆಯಾದ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ.

ಡಾಕ್ಟರಮ್ಮ ಸಂತೋಷಕ್ಕೆ ಅಲ್ಲೇ ಕಡಿವಾಣ ಹಾಕಿದರು. "ಇದೇ ಅಂತ ನಂಬ್ಕೋಬೇಡಿ ಸುಮಂಗಲಾ. ಬೇಕಂತಲೇ ಜಾಸ್ತಿ ತುಂಬಿದೀವಿ. ಇದರಲ್ಲಿ ಒಂದಷ್ಟನ್ನ ದೇಹ ತಿಂದು ಹಾಕುತ್ತೆ. ಅರ್ಧ ಉಳಿದ್ರೆ ನಾನು ಖುಷಿ ಪಡ್ತೀನಿ."

"ಪೂರ್ತಿ ಉಳಿಯಲ್ವಾ?"

"ಇಲ್ಲ. ಹೊಸ ಜಾಗದಲ್ಲಿ ಅದಕ್ಕೆ ರಕ್ತ ಸಿಗಬೇಕು. ಅಲ್ಲೀವರೆಗೆ ಅದು ಉಪವಾಸ ಇದ್ದ ಹಾಗೆ. ಒತ್ತಬೇಡಿ, ತಿಕ್ಕಬೇಡಿ, ಶಾಖ ಕೊಡಬೇಡಿ. ಚರ್ಮ ಮರಗಟ್ಟಿರುತ್ತೆ, ಬಿಸಿ ತಣ್ಣಗೆ ಗೊತ್ತಾಗಲ್ಲ. ಚೆನ್ನಾಗಿ ಊಟ ಮಾಡಿ, ತೂಕ ಇಳೀಬಾರದು."

ಹಾಸಿಗೆಯ ಕಾಲ ಹತ್ತಿರ ಅವ್ವ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು. ಡಾಕ್ಟರಮ್ಮ ಹೋದ ಮೇಲೆ ನನ್ನ ಪಾದ ಹಿಡಿದು ಅಲ್ಲಾಡಿಸಿದಳು.

"ಅರ್ಧ ಯಾಕೇ ಉಳಿಬೇಕು? ಪೂರ್ತಿ ಉಳಿಸ್ತೀನಿ ನಾನು."

ನಮ್ಮ ಅವ್ವ ಗೌರಮ್ಮ ಇರುವುದು ಜಡೆ ಅನ್ನುವ ಊರಿನಲ್ಲಿ. ಗದ್ದೆ ಕೆಲಸದ ಹೆಂಗಸು, ಜೊತೆಗೆ ಔಷಧಿ ಕೊಡುವವಳು. ಎಲ್ಲ ಕಾಯಿಲೆಗಲ್ಲ. ಅವಳಲ್ಲಿ ಇರುವುದು ಒಂದೇ ಔಷಧಿ, ಮಾಂಸ ಕೂಡುವುದಕ್ಕೆ. ಮೂಳೆ ಮುರಿದವರು, ಗಾಯ ಮಾಯದವರು, ಕುಡುಗೋಲು ತಾಗಿಸಿಕೊಂಡವರು ಸೊರಬದ ಆಚೆಯಿಂದಲೂ ಬರುತ್ತಾರೆ. ಒಂದು ತೆಂಗಿನಕಾಯಿ, ಎಲೆ ಅಡಿಕೆ ಬಿಟ್ಟರೆ ಅವಳು ಏನೂ ಮುಟ್ಟುವುದಿಲ್ಲ. ಅದು ಅವಳಿಗೆ ಬಂದದ್ದು ಅವಳ ಅತ್ತೆಯಿಂದ, ಅಂದರೆ ನನ್ನ ಅಜ್ಜಿಯಿಂದ. ಬರುವಾಗ ಕಟ್ಟುಪಾಡುಗಳ ಸಮೇತ ಬಂದಿದೆ. ಸೊಪ್ಪು ತರಲು ಒಬ್ಬಳೇ ಹೋಗಬೇಕು, ದಾರಿಯಲ್ಲಿ ಯಾರನ್ನೂ ಮಾತಾಡಿಸಬಾರದು. ಅರೆದು ಉಳಿದ ಚರಟ ಯಾರ ಕಣ್ಣಿಗೂ ಬೀಳಬಾರದು. ಸೊಪ್ಪಿನ ಹೆಸರು ಬಾಯಲ್ಲಿ ಆಡಬಾರದು. ಆಡಿದರೆ ಔಷಧಿ ಕೈಬಿಟ್ಟು ಹೋಗುತ್ತದೆ, ಮತ್ತೆ ಫಲಿಸುವುದಿಲ್ಲ. ಕಣ್ಣು ಮುಚ್ಚುವ ಮುಂಚೆ ಒಬ್ಬರಿಗೆ ಮಾತ್ರ ಹೇಳಿ ಹೋಗಬೇಕು. ಆ ಒಬ್ಬಳು ನಾನು ಎಂದು ಅವ್ವ ಎಂದೋ ತೀರ್ಮಾನಿಸಿದ್ದಳು. ಔಷಧಿ ತೆಗೆದುಕೊಂಡವರಿಗೂ ಕಟ್ಟುಪಾಡಿದೆ. ತಗೊಂಡದ್ದನ್ನು ಬೇರೆಯವರಿಗೆ ಹೇಳಬಾರದು. ಹೊರಡುವಾಗ "ಬರ್ತೀನಿ" ಅನ್ನಬಾರದು. ಅಂದರೆ ಕಾಯಿಲೆಯೂ ತಿರುಗಿ ಬರುತ್ತದೆ. ಸುಮ್ಮನೆ ಎದ್ದು, ಬೆನ್ನು ತಿರುಗಿಸಿ ಹೋಗಬೇಕು. ನಾನು ಚಿಕ್ಕವಳಿದ್ದಾಗ ನಮ್ಮ ಜಗಲಿಯಿಂದ ಎಷ್ಟೋ ಜನ ಹಾಗೆ ಮಾತಿಲ್ಲದೆ ಎದ್ದು ಹೋಗುವುದನ್ನು ನೋಡಿದ್ದೇನೆ.

ನನಗೆ ಇದರಲ್ಲಿ ನಂಬಿಕೆ ಇತ್ತೋ ಇಲ್ಲವೋ? ಪಾರ್ಲರಿನಲ್ಲಿ ನಾನೇ ಜನರ ಮುಖಕ್ಕೆ ಪಪ್ಪಾಯಿ, ಮುಲ್ತಾನಿ ಮಿಟ್ಟಿ ಬಳಿದು ದುಡಿಯುವವಳು. ಅವ್ವನ ಗುಟ್ಟಿನ ಸೊಪ್ಪನ್ನು ಸಾಕಷ್ಟು ಸಲ ಹಾಸ್ಯ ಮಾಡಿದ್ದೇನೆ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಹುಲ್ಲಿನ ಗಾಡಿಯಿಂದ ಬಿದ್ದು ನನ್ನ ಬಲಗೈ ಮುರಿದಾಗ ಕಟ್ಟಿದ್ದು ಆ ಸೊಪ್ಪೇ. ಆ ಕೈಯಲ್ಲೇ ನಾನು ಇವತ್ತು ದಾರ ಹಿಡಿಯುವುದು. ನಂಬಿಕೆಗಿಂತ ಹೆಚ್ಚಾಗಿ ಇದ್ದದ್ದು ಆಸೆ. ಅರ್ಧ ಅಂದರಲ್ಲ ಡಾಕ್ಟರಮ್ಮ, ಆ ಅರ್ಧ ನನಗೆ ಸಾಕಾಗಲಿಲ್ಲ. ತುಂಬಿದ ಕೆನ್ನೆಯನ್ನು ಒಮ್ಮೆ ಕಣ್ಣಾರೆ ನೋಡಿದ್ದೆ. ಅದು ಪೂರ್ತಿ ಬೇಕಿತ್ತು.

ಹೊಲಿಗೆ ಬಿಚ್ಚಿದ ಮೇಲೆ ಜಡೆಗೆ ಹೋದೆ. ಅವ್ವನಿಗೆ ಅದು ನನ್ನ ಎರಡನೆಯ ಬಾಣಂತನ. ಹೊಗೆ ತಾಗದ ಕೋಣೆ, ಗಾಳಿ ತಾಗದ ಮೂಲೆ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಒಂದೇ ವ್ಯತ್ಯಾಸ ಅಂದರೆ ಊಟದ್ದು. ನಿಜವಾದ ಬಾಣಂತನದಲ್ಲಿ ಬೆಲ್ಲ ತುಪ್ಪ ಬಾಯಿಗೆ ತುರುಕಿದ ಅದೇ ಕೈ ಈಗ ಉಪ್ಪಿಲ್ಲದ ಗಂಜಿ ತಂದು ಇಟ್ಟಿತು. ಪಥ್ಯ. ಒಳಗೆ ಕುಡಿಯಲು ಬೇರಿನ ಕಷಾಯ, ಹೊರಗೆ ಬಾಡಿಸಿದ ಸೊಪ್ಪಿನ ಪಟ್ಟು. ಅದು ಮೈಯಲ್ಲಿರುವ ಮೂರು ವಾರ ಉಪ್ಪು, ಹುಳಿ, ಖಾರ, ಎಣ್ಣೆ, ಹಾಲು, ಮಜ್ಜಿಗೆ, ಕಾಯಿ, ಶೇಂಗಾ ಯಾವುದೂ ಕೂಡದು.

"ಅವ್ವ, ತೂಕ ಇಳೀಬಾರದು ಅಂದಾರಲ್ಲೇ ಡಾಕ್ಟ್ರು. ತುಪ್ಪ ತಿನ್ನು ಅಂದಾರೆ."

"ತಿನ್ನುವಂತೆ, ಔಷಧಿ ಇಳಿದ ಮ್ಯಾಲೆ. ಜಿಡ್ಡು ಸೇರಿದ್ರೆ ಔಷಧಿ ಒಳಗೆ ಕೂರಾದೇ ಇಲ್ಲ. ನಿನಗೇನು, ಹೊಟ್ಟೆಯಾಗೆ ಇನ್ನೂ ಬೇಕಾದಷ್ಟು ಐತೆ."

"ಶಾಖ ಕೊಡಬ್ಯಾಡ ಅಂದಾರೆ."

"ಇದೆಲ್ಲಿ ಶಾಖನೇ? ಕೆಂಡದ ಮ್ಯಾಲೆ ಬಾಡಿಸಿ ಬೆಚ್ಚಗೆ ಇಡಾದು. ನಾಟಿ ಮಾಡಿದ ಸಸಿ ಬೇರು ಹಿಡಿಯಾವರೆಗೆ ನೋಡ್ಕಳಲ್ವಾ? ಹಂಗೆ ಇದು. ಬಾಯ್ಮುಚ್ಚಿಕೊಂಡು ಕೂತ್ಕ."

ಬಾಯಿ ಮುಚ್ಚಿಕೊಂಡು ಕೂತೆ. ಬೆಳಕು ಹರಿಯುವ ಮುಂಚೆ ಹಿಂಬಾಗಿಲು ಕಿರುಗುಟ್ಟುವುದು, ಸ್ವಲ್ಪ ಹೊತ್ತಿಗೆ ಅರೆಯುವ ಕಲ್ಲಿನ ಸದ್ದು. ಅವ್ವ ಸೊಪ್ಪನ್ನು ತನ್ನ ಮುಂಗೈ ಮೇಲಿಟ್ಟು ಬಿಸಿ ನೋಡಿ ನನ್ನ ಕೆನ್ನೆಗೆ ಇಡುವಳು. ಐವತ್ತು ವರ್ಷ ಒಲೆಯ ಪಾತ್ರೆ ಬರಿಗೈಯಲ್ಲಿ ಇಳಿಸಿದ ಕೈ ಅದು. "ಬಿಸಿ ಆತೇನೇ?" ಎಂದು ಪ್ರತಿ ಸಲ ಕೇಳುವಳು. ಇಲ್ಲ ಅನ್ನುತ್ತಿದ್ದೆ. ನಿಜವಾಗಿಯೂ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಅದರ ನಡುವೆ ಒಮ್ಮೆ ಚೆಕಪ್ಪಿಗೆ ಹೋದೆವು. ಪಟ್ಟು ತೆಗೆದು, ಮುಖ ತೊಳೆದು ಕರೆದೊಯ್ದಳು ಅವ್ವ. ಡಾಕ್ಟರಮ್ಮ ಕೆನ್ನೆಯ ಹತ್ತಿರ ಮುಖ ತಂದು ನೋಡಿದರು. "ಕೆಂಪಿದೆಯಲ್ಲ. ಏನಾದರೂ ಹಚ್ತಿದೀರಾ?"

"ಇಲ್ಲ ಮೇಡಂ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಉಪ್ಪು ಬಿಟ್ಟ ಹಾಗೆ ಹೇಳುವುದನ್ನೂ ಬಿಡಬೇಕು, ಅದೂ ಪಥ್ಯದಲ್ಲೇ ಸೇರಿದ್ದು ಎಂದು ಅನ್ನಿಸಿತು. ತೂಕದ ಮಷೀನಿನ ಮೇಲೆ ನಿಂತಾಗ ಅವರು ಹುಬ್ಬು ಗಂಟಿಕ್ಕಿದರು. ಊಟ ಸೇರುತ್ತಿಲ್ಲವಾ ಎಂದರು. ಸೇರುತ್ತಿಲ್ಲ ಎಂದೆ.

ಆಮೇಲಿನ ವಾರ ಕೆನ್ನೆಯ ಮೇಲೆ ಗುಳ್ಳೆ ಎದ್ದವು. ನೀರು ತುಂಬಿದ ಗುಳ್ಳೆ, ಬಿಸಿನೀರು ಚೆಲ್ಲಿಕೊಂಡಾಗ ಏಳುವಂಥವು. ಕೆಟ್ಟದ್ದು ಹೊರಗೆ ಬರ್ತಾ ಐತೆ ಎಂದಳು ಅವ್ವ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಗುಳ್ಳೆ ಒಡೆದವು. ಒಡೆದ ಜಾಗದಿಂದ ಎಣ್ಣೆಯಂಥ ನೀರು ಇಳಿಯತೊಡಗಿತು. ದಿಂಬಿನ ಬಟ್ಟೆಯ ಮೇಲೆ ಆ ಕಲೆ ನೋಡಿದಾಗ ನನಗೆ ಅರ್ಥವಾಯಿತು.

ನನ್ನ ಕೆನ್ನೆ ಸೋರುತ್ತಿತ್ತು.

ಹಾಸಿಗೆಯಿಂದ ಎದ್ದರೆ ತಲೆ ತಿರುಗುತ್ತಿತ್ತು. ಮೈ ಕೆಂಡ. ಬಾಯಿ ಕಹಿ. ವಾಸನೆ ಬರುತ್ತಿದೆ ಎಂದು ಯಾರೂ ಹೇಳಲಿಲ್ಲ, ನನಗೇ ಬರುತ್ತಿತ್ತು. ಶಿವಕುಮಾರ್ ಕಾರು ತಂದರು. ಕೋಣೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, ಒಳಗೆ ಬಂದು ನನ್ನನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಮಲಗಿಸಿದರು. ಶಿವಮೊಗ್ಗದವರೆಗೂ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವಳ ಕೈ ನನ್ನ ಕೆನ್ನೆಯ ಹತ್ತಿರ ಬಂದು, ಮುಟ್ಟದೆ, ಹಿಂದೆ ಹೋಗುತ್ತಿತ್ತು.

ಅಡ್ಮಿಟ್ ಮಾಡಿಕೊಂಡರು. ಕೆನ್ನೆಯಲ್ಲಿ ಒಂದು ಸಣ್ಣ ಕೊಯ್ತ ಹಾಕಿ ಒಳಗಿದ್ದದ್ದನ್ನು ತೆಗೆದರು. ಕೀವು, ಜೊತೆಗೆ ಸತ್ತ ಕೊಬ್ಬು. ರಕ್ತದ ರಿಪೋರ್ಟ್ ಹಿಡಿದು ಡಾಕ್ಟರಮ್ಮ ವಾರ್ಡಿಗೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು.

"ಲಿವರ್ ಟೆಸ್ಟ್ ಸರಿಯಿಲ್ಲ. ನಾನು ಕೊಟ್ಟ ಮಾತ್ರೆಗೆ ಇಷ್ಟು ಏರುಪೇರು ಆಗಲ್ಲ. ಹೊಟ್ಟೆಗೆ ಏನು ಕೊಟ್ಟಿದೀರಾ?"

ಅವ್ವ ಕಿಟಕಿಯ ಕಡೆ ಸರಿದಳು.

"ನೋಡಿ, ಬೈಯೋಕೆ ಕೇಳ್ತಿಲ್ಲ. ಇನ್ಫೆಕ್ಷನ್ನಿಗೆ ಜೋರು ಇಂಜೆಕ್ಷನ್ ಹಾಕಬೇಕು. ಲಿವರಿಗೆ ಏನು ಹೊಡೆದಿದೆ ಅಂತ ಗೊತ್ತಿಲ್ಲದೆ ಹಾಕಿದ್ರೆ ಇವರ ಜೀವಕ್ಕೇ ಕಷ್ಟ ಆಗಬಹುದು."

ಕೆನ್ನೆಯ ಮಾತು ಮುಗಿದು ಜೀವದ ಮಾತು ಬಂದಿತ್ತು. "ಅವ್ವ ಕಷಾಯ ಕೊಟ್ಟಿದ್ಲು, ಸೊಪ್ಪಿನ ಪಟ್ಟು ಹಾಕಿದ್ಲು" ಎಂದೆ. ಹೇಳಲು ನನಗೆ ಗೊತ್ತಿದ್ದದ್ದು ಅಷ್ಟೇ. ಯಾವ ಸೊಪ್ಪು, ಯಾವ ಬೇರು, ನನಗೂ ಗೊತ್ತಿರಲಿಲ್ಲ. ಎಲ್ಲರೂ ಅವ್ವನನ್ನು ನೋಡಿದರು. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ಅತ್ತೆ, ಹೇಳ್ರೀ" ಎಂದರು ಶಿವಕುಮಾರ್. ದನಿ ಏರಿತು. "ಹೇಳ್ರೀ ಅಂತೀನಿ! ಹೆಸರು ಇಟ್ಕಂಡು ಏನ್ ಮಾಡ್ತೀರಿ? ಮಗಳು ಬೇಕೋ ಸೊಪ್ಪು ಬೇಕೋ ನಿಮಗೆ?"

ವಾರ್ಡಿನವರೆಲ್ಲ ತಿರುಗಿ ನೋಡಿದರು. ನನಗೆ ನನ್ನ ಗಂಡನ ಮೇಲೆ ಸಿಟ್ಟು ಬಂತು. ಅವ್ವನ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚು, ಎದ್ದು ಕೂರಲಾಗದ ನನ್ನ ಮೈಯ ಮೇಲೆ ಬಂತು. ಅವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತುಟಿ ಅಲ್ಲಾಡಿತು, ತೀರಿಹೋದ ತನ್ನ ಅತ್ತೆಯ ಹತ್ತಿರ ಏನೋ ಕೇಳಿಕೊಂಡಿರಬೇಕು. ಆಮೇಲೆ ಡಾಕ್ಟರಮ್ಮನ ಮುಂದೆ ಬಂದು ನಿಂತು ಎರಡು ಹೆಸರು ಹೇಳಿದಳು. ಒಂದು ಸೊಪ್ಪಿನದು, ಒಂದು ಬೇರಿನದು. ಸಣ್ಣ ದನಿ, ಆದರೆ ಸ್ಪಷ್ಟವಾಗಿ ಹೇಳಿದಳು.

ಡ್ರಿಪ್ ಸರಿ ಮಾಡುತ್ತಿದ್ದ ನರ್ಸಮ್ಮ ತಿರುಗಿದರು. "ಅಯ್ಯೋ, ಅದಾ? ನಮ್ಮನೆ ಹಿತ್ತಿಲ ಬೇಲಿ ತುಂಬ ಅದೇ ಐತಲ್ಲ!"

ಹೌದು. ನನಗೂ ಗೊತ್ತಿದ್ದ ಗಿಡವೇ. ಪಾರ್ಲರಿನ ಹಿಂದೆ ಚರಂಡಿ ಪಕ್ಕದಲ್ಲಿ ಬೆಳೆದು ನಿಂತಿದೆ, ಎಷ್ಟೋ ಸಲ ಅದರ ಮೇಲೆ ಒದ್ದೆ ಟವೆಲ್ ಹರವಿದ್ದೇನೆ. ನರ್ಸಮ್ಮ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅವ್ವನ ಮುಖ ನಾನು ನೋಡಿದೆ. ಅಜ್ಜಿ ಅವಳ ಕಿವಿಯಲ್ಲಿ ಹೇಳಿದ್ದು, ಅವಳು ನನ್ನ ಕಿವಿಯಲ್ಲಿ ಹೇಳಬೇಕೆಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು, ಸ್ಪಿರಿಟ್ ವಾಸನೆಯ ಆ ರೂಮಿನಲ್ಲಿ ಎಲ್ಲರ ಕಿವಿಗೂ ಬಿದ್ದು ಮುಗಿದು ಹೋಯಿತು.

ಡಾಕ್ಟರಮ್ಮ ನಗಲಿಲ್ಲ. ಬರೆದುಕೊಂಡರು, ಎಷ್ಟು ದಿನ, ಎಷ್ಟು ಲೋಟ ಎಂದು ಕೇಳಿದರು. ಆ ಬೇರು ಹೆಚ್ಚಾದರೆ ಲಿವರಿಗೆ ಕಷ್ಟ, ಅದೂ ಹಸಿದ ಹೊಟ್ಟೆಯಲ್ಲಿ ಎಂದರು. ಔಷಧಿ ಬದಲಾಯಿಸಿ ಬರೆದರು. ಹೋಗುವ ಮುಂಚೆ ಅವ್ವನ ಹತ್ತಿರ ನಿಂತರು.

"ಅಮ್ಮ, ನಿಮ್ಮ ಸೊಪ್ಪು ಸುಳ್ಳು ಅಂತ ನಾನು ಅನ್ನಲ್ಲ. ಗಾಯಕ್ಕೆ ಕೆಲಸ ಮಾಡಿರಬಹುದು. ಗಿಡದ ಔಷಧಿಯಿಂದ ಈ ತುಂಬಿದ ಕೊಬ್ಬು ಉಳಿಯುತ್ತಾ ಅಂತ ಓದಿದವರೂ ನೋಡ್ತಿರ್ತಾರೆ. ಆದರೆ ಅವರು ಅಳತೆ ಹಾಕಿ, ಮೊದಲು ಇಲಿ ಮೇಲೆ ನೋಡ್ತಾರೆ."

ಅವ್ವ ಅವರ ಮುಖವನ್ನೇ ನೋಡಿದಳು. "ನಾನು ಮಗಳ ಮ್ಯಾಲೇ ನೋಡಿಬಿಟ್ನಲ್ಲವ್ವಾ" ಎಂದಳು.

ಡಾಕ್ಟರಮ್ಮ ಅವಳ ಭುಜದ ಮೇಲೆ ಕೈಯಿಟ್ಟರು.

ಜ್ವರ ಇಳಿಯಿತು. ಲಿವರ್ ನಿಧಾನವಾಗಿ ದಾರಿಗೆ ಬಂತು. ದಿನಾ ಡ್ರೆಸ್ಸಿಂಗ್, ದಿನಾ ಆ ಗುಂಡಿಯೊಳಗೆ ಬಟ್ಟೆ ತುರುಕಿ ತೆಗೆಯುವುದು. ಮರಗಟ್ಟಿದ್ದ ಚರ್ಮಕ್ಕೆ ಆಗಲೇ ಜೀವ ಬರಬೇಕಿತ್ತೇ? ಬಂತು. ಹಲ್ಲು ಕಚ್ಚಿ ಹಿಡಿದು ಆ ನರ್ಸಮ್ಮನಿಗೂ, ಅವಳ ಹಿತ್ತಿಲಿಗೂ ಮನಸ್ಸಿನಲ್ಲಿ ಬೈಯುತ್ತಿದ್ದೆ. ಕೆನ್ನೆಯಲ್ಲಿ ಏನು ಉಳಿಯುತ್ತದೆ ಎಂದು ಕೇಳಲು ಧೈರ್ಯವಿರಲಿಲ್ಲ. ಶಿವಕುಮಾರ್ ಕೇಳಿದರು. ಅಂಚಿನಲ್ಲಿ, ಕಣ್ಣಿನ ಕೆಳಗೆ ಮತ್ತು ದವಡೆಯ ಹತ್ತಿರ ಒಂದಿಷ್ಟು ಹಿಡಿದಿದೆ, ನಡುವಿನದು ಹೋಗಿದೆ, ಕಲೆ ಉಳಿಯುತ್ತದೆ, ವರ್ಷ ಕಳೆದು ಬೇಕಾದರೆ ಇನ್ನೊಮ್ಮೆ ನೋಡೋಣ ಎಂದರಂತೆ.

ಹೀಗೆ ನನಗೆ ಎರಡು ಕಾರಣ ಸಿಕ್ಕಿವೆ. ಡಾಕ್ಟರಮ್ಮ ಹೇಳುವುದು ಒಂದು. ಮೂಳೆಗೂ ಗಾಯಕ್ಕೂ ಹೇಳಿದ ಔಷಧಿಯನ್ನು, ಇನ್ನೂ ರಕ್ತ ಕಾಣದ ಕೊಬ್ಬಿನ ಮೇಲೆ ಬಿಸಿಯಾಗಿ ಇಟ್ಟೆವು. ಕೊಬ್ಬು ಉಳಿಯಲೆಂದು ಕೊಬ್ಬನ್ನೇ ಬಿಡಿಸಿದ ಪಥ್ಯ ಹಿಡಿದೆವು. ಸುಟ್ಟಿತು, ಸೊರಗಿತು, ಕೊಳೆಯಿತು. ಅವ್ವ ಹೇಳುವುದು ಇನ್ನೊಂದು. ಪಥ್ಯ ಮುಗಿಯುವ ಮುಂಚೆ ಮಾತು ಹೊರಗೆ ಬಿತ್ತು, ಹೆಸರು ಹೇಳಿದ್ದಾಯಿತು, ಅದಕ್ಕೇ ನಡುವಿನದು ಕೈಬಿಟ್ಟಿತು. ಗುಳ್ಳೆ ಎದ್ದದ್ದು ಹೆಸರು ಹೇಳುವುದಕ್ಕಿಂತ ಮುಂಚೆ ಎಂದು ನಾನು ಒಮ್ಮೆ ವಾದ ಮಾಡಿದೆ. ಅವ್ವ ಹ್ಞೂಂ ಎಂದು ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಆ ಮಾತು ತೆಗೆಯಲಿಲ್ಲ ನಾನು. ಡಾಕ್ಟರಮ್ಮ ಹೇಳಿದ್ದೇ ಸರಿ ಎಂದು ನನಗೆ ಗೊತ್ತು. ಆದರೆ ಅವ್ವನ ಕಾರಣವನ್ನು ಅವಳಿಂದ ಕಿತ್ತುಕೊಂಡರೆ ಅವಳಿಗೆ ಉಳಿಯುವುದು, ಮಗಳ ಕೆನ್ನೆ ಸುಟ್ಟ ತನ್ನ ಕೈ ಒಂದೇ. ಅದನ್ನು ಅವಳಿಗೆ ಹೇಗೆ ಬಿಡಲಿ?

ಆ ಗಿಡಗಳ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಇದನ್ನು ಓದಿ ಯಾರಾದರೂ ತಮ್ಮ ಮುಖಕ್ಕೆ ಹಚ್ಚಿಕೊಂಡಾರು ಎಂಬ ಭಯ ಒಂದು. ಇನ್ನೊಂದು, ಅದನ್ನು ಹೇಳುವ ಹಕ್ಕು ನನ್ನದಲ್ಲ.

ಪಾರ್ಲರ್ ಮತ್ತೆ ತೆರೆದಿದ್ದೇನೆ. ಮದುವೆ ಮೇಕಪ್ಪು ಕಮ್ಮಿ, ಹುಬ್ಬು ತೆಗೆಸುವವರು ಬರುತ್ತಾರೆ. ಹೊಸಬರು ಕನ್ನಡಿಯಲ್ಲಿ ನನ್ನ ಕಲೆ ನೋಡಿ ಕಣ್ಣು ತಪ್ಪಿಸಿದರೆ, "ಸುಟ್ಟಿದ್ದು ಕಣ್ರೀ, ಅಂಟಂಗಿಲ್ಲ, ನೀವು ಕಣ್ಣು ಮುಚ್ಚಿ" ಅನ್ನುತ್ತೇನೆ. ಬಣ್ಣ ಬಳಿದು ಮುಚ್ಚುವುದನ್ನು ಬಿಟ್ಟಿದ್ದೇನೆ. ಮೊನ್ನೆ ಬಸ್ಸಿನಲ್ಲಿ ಬಲಗಡೆ ಜಾಗವಿಲ್ಲದೆ ಮಗಳು ಎಡಕ್ಕೆ ಕೂತು, ನಿದ್ದೆ ಬಂದು ನನ್ನ ಭುಜಕ್ಕೆ ಒರಗಿದಳು. ಶಿಕಾರಿಪುರ ಬರುವವರೆಗೂ ನಾನು ಅಲ್ಲಾಡಲಿಲ್ಲ.

ಈ ಸಲ ಜಡೆಗೆ ಹೋಗಿದ್ದಾಗ ನಾನು ಜಗಲಿಯಲ್ಲಿ ಕೂತಿದ್ದೆ. ಬೆಳಿಗ್ಗೆಯೇ ಯಾರೋ ಒಬ್ಬ ರೈತ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳ ಕಾಲಿನ ಗಾಯ ಮಾಯುತ್ತಿರಲಿಲ್ಲ. ಕೈಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ. ಅವ್ವ ಒಳಗಿನಿಂದ ಬಂದು ಗಾಯ ನೋಡಿದಳು. ಮುಟ್ಟಲಿಲ್ಲ.

"ನನ್ನ ಹತ್ರ ಈಗ ಇಲ್ಲಪ್ಪ. ಸಕ್ಕರೆ ಕಾಯಿಲೆ ಐತೇನೋ, ರಕ್ತ ತೋರಿಸು. ಸೊರಬದ ಆಸ್ಪತ್ರೆಗೆ ಕರ್ಕಂಡ್ ಹೋಗು."

"ಹಂಗನ್ನಬ್ಯಾಡ್ರವ್ವ. ನಮ್ಮಪ್ಪನ ಕಾಲು ಕೂಡಿದ್ದೇ ನಿಮ್ಮ ಕೈಯಿಂದ."

"ಅವಾಗ ಇತ್ತು. ಈಗ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡನೋ ಏನೋ, ಬಹಳ ಹೊತ್ತು ಕೂತ. ಕೊನೆಗೆ ತೆಂಗಿನಕಾಯಿಯನ್ನು ಜಗಲಿಯ ಮೇಲಿಟ್ಟು, ಹೆಂಡತಿಯನ್ನು ಎಬ್ಬಿಸಿ, ಔಷಧಿ ತೆಗೆದುಕೊಂಡವರ ಹಾಗೆಯೇ ಒಂದು ಮಾತೂ ಆಡದೆ ಬೆನ್ನು ತಿರುಗಿಸಿ ಹೋದ. ಅವ್ವ ಆ ಕಾಯಿಯ ಕಡೆ ನೋಡುತ್ತ ಕಂಬಕ್ಕೆ ಒರಗಿ ಕೂತಳು. ಮಧ್ಯಾಹ್ನದ ಅಡುಗೆಗೆ ಅದನ್ನು ಒಡೆಯಲಿಲ್ಲ. ಸಂಜೆ ಯಾರ ಕೈಯಲ್ಲೋ ಆಸ್ಪತ್ರೆಗೆ ಹೋದರಾ ವಿಚಾರಿಸು ಎಂದು ಹೇಳಿ ಕಳಿಸಿದಳು. ಹೋಗಿದ್ದರಂತೆ.

ಮರುದಿನ ನಾನು ಹೊರಟೆ. ಬೆಳಗಿನ ಊಟಕ್ಕೆ ಅವ್ವ ಅನ್ನದ ಮೇಲೆ ತುಪ್ಪ ಸುರಿದಳು, ಸಾಕು ಅಂದರೂ ಸುರಿದಳು. ಒಂದು ಡಬ್ಬಿಯಲ್ಲಿ ತುಪ್ಪ ತುಂಬಿ ಬ್ಯಾಗಿಗೆ ಇಟ್ಟಳು. ಆಮೇಲೆ ಬೆಳಕಿಗೆ ಕರೆದು ಗಲ್ಲ ಹಿಡಿದು, ಎಡಗೆನ್ನೆಯ ಅಂಚನ್ನು, ಉಳಿದಿರುವ ಆ ಒಂದಿಷ್ಟನ್ನು, ತೋರುಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಅಷ್ಟಾದರೂ ಉಳಿದದ್ದಕ್ಕೆ ನಾನು ಡಾಕ್ಟರಮ್ಮನನ್ನು ನೆನೆದೆ, ಆ ಇಂಜೆಕ್ಷನ್ನುಗಳನ್ನು ನೆನೆದೆ. ಎದುರಿಗೇ ಇರುವ ಅವ್ವನಿಗೆ ಏನು ಹೇಳಲಿ? ಚಪ್ಪಲಿ ಮೆಟ್ಟಿ ಬ್ಯಾಗ್ ಎತ್ತಿಕೊಂಡೆ. ಅವ್ವನ ಔಷಧಿ ತಗೊಂಡಂದಿನಿಂದ ಈ ಮನೆಯಿಂದ ಹೇಳದೆ ಹೊರಟು ಹೊರಟು ಅದೇ ರೂಢಿಯಾಗಿತ್ತು. ಮಾತಿಲ್ಲದೆ ಅಂಗಳ ಇಳಿದೆ.

"ಸುಮಾ."

ತಿರುಗಿದೆ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬರ್ತೀನಿ ಅಂತ ಹೇಳಿ ಹೋಗೇ. ಇನ್ನೇನು ಐತೆ ನನ್ನ ಕೈಯಾಗೆ."

ಬ್ಯಾಗನ್ನು ಅಂಗಳದಲ್ಲೇ ಇಟ್ಟು ಹಿಂದಕ್ಕೆ ಹೋಗಿ, ಎಡಗೆನ್ನೆಯನ್ನು ಅವಳ ಕೆನ್ನೆಗೆ ಒತ್ತಿ ಹಿಡಿದೆ. ಅವಳ ಕಣ್ಣೀರಿನ ಬಿಸಿ ನನ್ನ ಕೆನ್ನೆಗೆ ಗೊತ್ತಾಯಿತು.

"ಬರ್ತೀನವ್ವ" ಎಂದೆ.